ಹಲ್ಲಿನ ಸೆಟ್ಟಿಗೆ ಅಂಟಿದ ಪಂಚಾಮೃತ

ಮೊನ್ನೆ ನೆಂಟರ ಮನೆಯ ಪೂಜೆಯಲ್ಲಿ ಅಂಗೈಗೆ ಪಂಚಾಮೃತ ಬಿತ್ತು. ಬೆಳಗ್ಗೆಯೇ ಕಲಸಿಟ್ಟದ್ದು, ಸೆಕೆಗೆ ಬಾಳೆಹಣ್ಣು ಕಪ್ಪಾಗಿ ಹುಳಿವಾಸನೆ ಹಿಡಿದಿತ್ತು. ಮೂಗಿನ ಹತ್ತಿರ ತಂದೊಡನೆ ಕೈ ದೂರ ಸರಿಸಿದೆ. ಆ ವಾಸನೆಯ ಹಿಂದೆಯೇ ಫಿನಾಯಿಲು, ಅದರ ಹಿಂದೆ ಮೂತ್ರ... ಪುರಸೈವಾಕ್ಕಂ ಎಂಬ ತಮಿಳು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಮ ನೆನಪಾದರು.

ರೈಲ್ವೆಯಿಂದ ನಿವೃತ್ತರಾದವರು, ಮಹಾ ಮಡಿವಂತರು. ಎಂ.ಎಸ್ಸಿ. ಮಾಡಿ ದೇವರನ್ನು ಬಿಟ್ಟಿದ್ದ ನನ್ನನ್ನು 'ನಾಸ್ತಿಕ' ಎಂದೇ ಕರೆಯುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಪ್ರಾಸ್ಟೇಟ್ ಊದಿ ಅವರಿಗೆ ಮೂತ್ರ ಕಟ್ಟಿತು. ಆಪರೇಷನ್ ಆಗುವವರೆಗೆ ಇರಲಿ ಎಂದು ಡಾಕ್ಟರು ರಬ್ಬರ್ ಟ್ಯೂಬು ಹಾಕಿ, ತುದಿಗೆ ಚೀಲ ಕಟ್ಟಿ ಕಳಿಸಿದರು. ಪಂಚೆಯ ಕೆಳಗೆ ತೂಗುವ ಆ ಹಳದಿ ಚೀಲ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಅವರಿಗೆ ನನಗಿಂತ ಹೆಚ್ಚು ಅಸಹ್ಯ. ಅದನ್ನು ಕಟ್ಟಿಕೊಂಡು ಸಾಲಿಗ್ರಾಮ ಮುಟ್ಟಬಾರದೆಂದು ಪೂಜೆ ಬಿಟ್ಟು, ದೇವರಮನೆಯ ಹೊಸಿಲಾಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

"ಬೇರೆ ಕೊಳೆಯಾದ್ರೆ ತೊಳ್ಕೋಬೋದು ಕಣೋ. ಇದು ನನ್ ಜೊತೇನೇ ವಾಕಿಂಗ್ ಬರತ್ತೆ."

ಟ್ಯೂಬು ತೆಗೆಸಿಕೊಂಡು, ತಲೆಗೆ ನೀರು ಹಾಕಿಕೊಂಡು, ಸಾಲಿಗ್ರಾಮಕ್ಕೆ ಮತ್ತೆ ಅಭಿಷೇಕ ಮಾಡಬೇಕು. ಅವರಿಗೆ ಬೇಕಾಗಿದ್ದುದು ಅಷ್ಟೇ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಸಂಜೆ ಹೊಕ್ಕುಳಿನಿಂದ ಕೆಳಗೆ ಬೋಳಿಸಿದರು. ಬಕೆಟ್ಟಿನಲ್ಲಿ ಬೇರೆ ಯಾರದೋ ಕೂದಲು ತೇಲುತ್ತಿತ್ತು. ಆಮೇಲೆ ಎನಿಮಾ. ಕಕ್ಕಸಿನ ಬಾಗಿಲಿಗೆ ಚಿಲಕವಿರಲಿಲ್ಲ. ನಾನು ಬಾಗಿಲನ್ನು ಎಳೆದು ಹಿಡಿದು, ಉಸಿರು ಬಿಗಿಹಿಡಿದು ನಿಂತೆ.

"ಇದ್ದೀಯೇನೋ?"

"ಇದ್ದೀನಿ ಮಾಮ."

ಬಾಯಿಗೆ ಏನೂ ಹಾಕಬಾರದು, ನೀರು ಕೂಡ, ಎಂದು ನರ್ಸು ಹೇಳಿ ಹೋದಳು. "ಏಕಾದಶಿ ಮಾಡೋನಿಗೆ ಉಪವಾಸ ಕಲಿಸ್ತಾಳೆ!" ಎಂದು ಮಾಮ ನಕ್ಕರು.

ಬೆಳಗ್ಗೆ ಅವರ ಹೆಂಡತಿ ಮಾಮಿ ಮಠಕ್ಕೆ ಹೋಗಿ, ಸಣ್ಣ ಡಬ್ಬಿ ಹಿಡಿದು ಬಂದರು. ಆಗ ನಾನು ಕಾಫಿಗೆ ಹೋಗಿದ್ದೆನೋ, ಅಲ್ಲೇ ಪೇಪರ್ ಓದುತ್ತಿದ್ದೆನೋ... ಈಗ ಖಚಿತವಿಲ್ಲ. ನರ್ಸು ಬಂದು, "ತಾತಾ, ಪಲ್ ಸೆಟ್ ಕಳಟ್ಟುಂಗೊ" ಎಂದು ಹಲ್ಲಿನ ಸೆಟ್ಟಿಗಾಗಿ ಕೈ ಚಾಚಿದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಎಂಜಲಿನ ಎಳೆಯೊಂದಿಗೆ ಹೊರಬಂದ ಸೆಟ್ಟಿನ ಅಡಿಯಲ್ಲಿ ಬಾಳೆಹಣ್ಣಿನ ಲೋಳೆ, ಒಂದು ತುಳಸಿ ದಳ.

"ಎನ್ನ ಸಾಪ್ಟೀಂಗ?" ಏನು ತಿಂದಿರೆಂದು ಅವಳು ಕೂಗಿದಳು.

ಬೊಚ್ಚುಬಾಯಿಯಲ್ಲಿ ಮಾಮ ಏನೂ ಇಲ್ಲವೆಂದರು: "ಒಣ್ಣುಮೇ ಇಲ್ಲೈಮ್ಮಾ. ಪಂಚಾಮೃತಂ."

"ಪ್ರಸಾದ ಊಟ ಹೇಗಾಗತ್ತೆ?" ಎಂದು ಮಾಮಿ ನನ್ನತ್ತ ತಿರುಗಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ಲೆಕ್ಕದಲ್ಲೂ ಅದು ತಿಂದಂತೆಯೇ ಅಲ್ಲ. ಆದರೆ ಅರಿವಳಿಕೆಯ ಡಾಕ್ಟರು ಒಪ್ಪಲಿಲ್ಲ. ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ? ಆಪರೇಷನ್ ಮುಂದಿನ ವಾರಕ್ಕೆ ಹೋಯಿತು. ಚೀಲದ ಸಮೇತ ಮನೆಗೆ ವಾಪಸಾದೆವು.

ಮುಂದಿನ ವಾರ ಬರುವ ಮೊದಲೇ ಚಳಿಜ್ವರ ಬಂತು. ಮೂತ್ರದ ನಂಜು ರಕ್ತಕ್ಕೇರಿದೆ ಎಂದರು ಡಾಕ್ಟರು. ಮಾಮ ಹೋದ ಮೇಲೆಯೇ ಆ ಟ್ಯೂಬು ತೆಗೆದದ್ದು.

ಒಂದು ಚಮಚ ಪಂಚಾಮೃತ ಅವರನ್ನು ಕೊಂದಿತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ನನ್ನ ವಾದಕ್ಕೆ ಚೆನ್ನಾಗಿ ಒಗ್ಗುವ ಕಥೆ. ಅದಕ್ಕೇ ಈಗ ಅನುಮಾನ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗಲೇ ಅವರ ಕೈ ಬಿಸಿಯಿತ್ತಲ್ಲವೆ? ಅಥವಾ ಆ ಹೊಲಸು ಬಕೆಟ್ಟೋ...

ಮೊನ್ನೆ ಅಂಗೈಯಲ್ಲಿದ್ದುದನ್ನು ನುಂಗಲಾಗಲಿಲ್ಲ. ವಾಷ್‌ಬೇಸಿನ್ನಿಗೆ ಸುರಿದು, ಸೋಪು ಹಾಕಿ ತೊಳೆದೆ. ಪ್ರಸಾದವನ್ನು ಮೋರಿಗೆ ಹಾಕುತ್ತೀಯೇನೋ ನಾಸ್ತಿಕ ಎಂದು ಬೈಯುವವರು ಹಿಂದೆ ಯಾರೂ ಇರಲಿಲ್ಲ. ಆದರೂ ಒಮ್ಮೆ ತಿರುಗಿ ನೋಡಿದೆ.