ನೀರು ಕೇಳದ ಮೇಡಂ

ಡಯಾಲಿಸಿಸ್ ವಾರ್ಡಿನಲ್ಲಿ ನನ್ನ ಅರ್ಧ ಕೆಲಸವೇ ನೀರು ಕೇಳುವವರನ್ನು ಗದರುವುದು. ಕಿಡ್ನಿ ಕೆಟ್ಟವರು ಅಳತೆ ಮೀರಿ ನೀರು ಕುಡಿಯುವಂತಿಲ್ಲ; ಅವರೋ ಕದ್ದಾದರೂ ಕುಡಿಯುತ್ತಾರೆ. ಜಯಲಕ್ಷ್ಮಿಪುರಂನಿಂದ ಬರುತ್ತಿದ್ದ ಒಬ್ಬ ಮೇಡಂ ಮಾತ್ರ ಒಂದು ದಿನವೂ ಕೇಳಿದವರಲ್ಲ. ಅವರ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಆದ ಮೊದಲ ಹೆಂಗಸು ಅವರೇ ಅಂತೆ.

"ಬಾಯಿ ಒಣಗಲ್ವಾ ಮೇಡಂ?" ಅಂದೆ.

"ಅಭ್ಯಾಸ ಆಗ್ಬುಟ್ಟಿದೆ ಕಣಮ್ಮ. ಠಾಣೇಲಿ ಗಂಡಸರಿಗೆ ಮಾತ್ರ ಟಾಯ್ಲೆಟ್ ಇತ್ತು. ಡ್ಯೂಟಿ ಮುಗಿಯೋವರೆಗೂ ನೀರು ಮುಟ್ತಿರಲಿಲ್ಲ. ದಸರಾ ಬಂದೋಬಸ್ತ್ ಅಂದ್ರೆ ಹಿಂದಿನ ರಾತ್ರಿಯಿಂದ್ಲೇ ಬಂದ್."

"ಮೇಲಿನವರನ್ನ ಕೇಳ್ಬೇಕಿತ್ತು."

"ಕೇಳಿದ್ರೆ, ಇದಕ್ಕೇ ಹೆಂಗಸರು ಬೇಡ ಅಂದಿದ್ದು ಅನ್ನೋರು. ಆಮೇಲೆ ನನ್ನ ಹಿಂದೆ ಇನ್ನೊಬ್ಬಳನ್ನ ಕಳಿಸ್ತಿದ್ರಾ?"

ಅವರ ರಕ್ತ ಕೊಳವೆಯಲ್ಲಿ ಸುತ್ತಿ ಮಿಷನ್ನಿಗೆ ಹೋಗುತ್ತಿತ್ತು. ಅದನ್ನೇ ನೋಡುತ್ತಾ ಕೇಳಿದರು: "ಈಗ ನಿಮಗೆಲ್ಲಾ ಅನುಕೂಲ ಇದೆ ಅಲ್ವಾ?"

"ಇದೆ ಮೇಡಂ," ಅಂದುಬಿಟ್ಟೆ.

ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ಆ ಮಳೆಗಾಲ ಮುಗಿಯುವ ಮುಂಚೆಯೇ ಹೋಗಿಬಿಟ್ಟರು.

ನಮ್ಮ ಮಹಡಿಯ ಹೆಂಗಸರ ಟಾಯ್ಲೆಟ್ಟನ್ನು ಸ್ಟೋರ್ ರೂಮ್ ಮಾಡಿ ಬಹಳ ಕಾಲವಾಯಿತು. ಬೆಳಗ್ಗೆ ತುಂಬಿಸಿಕೊಂಡು ಬಂದ ನನ್ನ ನೀರಿನ ಬಾಟಲಿ ಸಂಜೆ ಹಾಗೇ ಮನೆಗೆ ವಾಪಸ್ಸು. ಅದನ್ನು ಕುಂಡಕ್ಕೆ ಹುಯ್ಯುತ್ತೇನೆ. ದಾಸವಾಳ ಮಾತ್ರ ಸೊಗಸಾಗಿ ಬಂದಿದೆ.