ಜೀಪಿಗೊಂದು ಐಬು ಉಳಿಸುವ ಮಿಸ್ತ್ರಿ

ಭಾಲ್ಕಿ ಸ್ಟೇಷನ್ ರಸ್ತೆಯ ಕೋಳಿಗಳು ಬೆಳಗಿನ ಕೂಗು ಬಿಟ್ಟು ಬಹಳ ವರ್ಷಗಳಾಗಿವೆ. ಆ ಕೆಲಸವನ್ನು ಬದ್ರೋದ್ದೀನ ಮಿಸ್ತ್ರಿಯ ಜೀಪುಗಳು ವಹಿಸಿಕೊಂಡಿವೆ. ನಸುಕಿನಲ್ಲಿ ಹಳೆಯ ಹತ್ತಿ ಜಿನ್ನಿನ ಶೆಡ್ಡಿನ ಬಾಗಿಲು ಸರಿಯುತ್ತದೆ. ಲುಂಗಿ ಎತ್ತಿ ಕಟ್ಟಿದ ಅರವತ್ತೈದರ ಮಿಸ್ತ್ರಿ ಮೊದಲ ಜೀಪಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವುತ್ತಾರೆ. ಅದು ಕೆಮ್ಮುತ್ತದೆ, ಬೈಯುತ್ತದೆ, ಕೊನೆಗೆ ಗುಡುಗುತ್ತದೆ. ಆಮೇಲೆ ಪಕ್ಕದ್ದು. ಸಾಲು ಮುಗಿಯುವಷ್ಟರಲ್ಲಿ ತಗಡಿನ ಮಾಡು ಅರ್ಧ ಅಡಿ ಮೇಲೆದ್ದು ಮತ್ತೆ ತನ್ನ ಜಾಗದಲ್ಲಿ ಕೂರುತ್ತದೆ. ನೋಡಿದವರಿದ್ದಾರೆ.

“ದಿನಾ ಎಬ್ಬಿಸಬೇಕ್ರಿ,” ಎನ್ನುತ್ತಾರೆ ಅವರು, ಕೈ ಒರೆಸಿಕೊಳ್ಳುತ್ತ. “ಬಿಟ್ರ ಮಲಗೇ ಬಿಡ್ತಾವ. ನಮ್ಮ ಅಳಿಯನ ಹಂಗ.”

ಒಂದೊಂದೂ ಕಣ್ಣು ಕೋರೈಸುತ್ತದೆ. ಸೈನ್ಯದ ಹರಾಜಿನಲ್ಲಿ ಬಂದ, ಎಡಗಡೆ ಸ್ಟಿಯರಿಂಗಿನದು ಒಂದು. ಔರಾದ್ ಕಡೆಯ ಎರೆಮಣ್ಣಿನಲ್ಲಿ ಹೂತುಹೋದ ಎತ್ತಿನ ಜೋಡಿಯನ್ನು ಗಾಡಿ ಸಮೇತ ಎಳೆದು ತೆಗೆದದ್ದು ಇನ್ನೊಂದು. ಮತ್ತೊಂದರ ಹಾರ್ನು ಕೇಳಿದರೆ ಹಲಬರ್ಗಾದ ಎಮ್ಮೆಗಳು ಕರುವಿಲ್ಲದೆಯೇ ಹಾಲು ತೊರೆ ಬಿಡುತ್ತಿದ್ದವಂತೆ. ಹೈದರಾಬಾದಿನಿಂದ ಭಾನುವಾರ ಬರುವ ಹಳೆ ಗಾಡಿಗಳ ಶೋಕಿಲಾಲರು ಬೆಲೆ ಕೇಳುತ್ತಾರೆ. ಉತ್ತರ ಒಂದೇ: “ನನ್ನವಲ್ಲರಿ. ಮಂದೀವು.”

ಈ ಸಂಗ್ರಹವನ್ನು ಯಾರೂ ಸಂಗ್ರಹಿಸಿಲ್ಲ, ಅದು ತಾನಾಗಿ ಬಂದು ನಿಂತಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಜೀಪುಗಳಿಗೆ ಉಳಿದದ್ದು ಒಂದೇ ಸವಾರಿ. ಹಳ್ಳಿಯವರನ್ನು ಗಂಟುಮೂಟೆ ಸಮೇತ ಸ್ಟೇಷನ್ನಿಗೆ ಬಿಡುವುದು. ಬಿಡುತ್ತ ಬಿಡುತ್ತ ಊರು ಖಾಲಿಯಾಯಿತು. ಕೊನೆಯ ಸವಾರಿಯ ಜೊತೆ ಆಯಾ ಜೀಪು ಓಡಿಸುತ್ತಿದ್ದ ಮಾಲೀಕನೂ ರೈಲು ಹತ್ತಿದ. ಹತ್ತುವ ಮುಂಚೆ ಕೀಲಿಕೈಯನ್ನು ಸ್ಟೇಷನ್ ರಸ್ತೆಯ ಮಿಸ್ತ್ರಿಯ ಕೈಗಿಟ್ಟು “ಬರ್ತೇನಿ ಚಾಚಾ, ನೋಡ್ಕೋರಿ” ಎಂದ. ಚಾಚಾ ನೋಡಿಕೊಂಡರು. ಲಾರಿ ರಿಪೇರಿಯ ಗಳಿಕೆ ಬೀದರಿನ ಗುಜರಿ ಅಂಗಡಿಗಳಿಗೆ ಹೋಯಿತು, ಅಲ್ಲಿಂದ ಗೇರು, ದೀಪ, ನಟ್ಟು ಬೋಲ್ಟುಗಳಾಗಿ ಮರಳಿತು. ಹುಡ್ಡು, ಸೀಟು ಹೊಲಿದದ್ದು ಹೆಂಡತಿ ಕುಲಸುಮಬೀ.

ಮೊದಲು ಮರಳಿದವರು ಹಲಬರ್ಗಾದ ಮಡೆಪ್ಪ. ಹೊಳೆಯುವ ಗಾಡಿಯನ್ನು ನೋಡಿ “ನಂದು ಮಾರ್ಕೊಂಡು ಬ್ಯಾರೇದು ತೋರಸ್ತಿಯೇನು” ಎಂದು ಸಿಟ್ಟಿನಲ್ಲಿ ನಡೆದೇಬಿಟ್ಟರು. ಮಿಸ್ತ್ರಿ ಅದೇ ಜೀಪಿನಲ್ಲಿ ಊರತನಕ ಅವರ ಬೆನ್ನು ಹತ್ತಬೇಕಾಯಿತು. ಅಂದಿನಿಂದ ಎಲ್ಲವನ್ನೂ ಹೊಸದು ಮಾಡಿದರೂ ಪ್ರತಿ ಜೀಪಿನಲ್ಲಿ ಒಂದು ಹಳೆಯ ಐಬನ್ನು ಬೇಕೆಂದೇ ಉಳಿಸುತ್ತಾರೆ. ಒಂದು ಬಲಕ್ಕೆ ತಿರುಗಿದಾಗ ತಾನೇ ಹಾರ್ನ್ ಹೊಡೆಯುತ್ತದೆ. ಇನ್ನೊಂದರ ಬ್ರೇಕ್ ಒತ್ತಿದರೆ ವೈಪರ್ ಆಡುತ್ತದೆ. “ಚಂದ ನೋಡಿ ಯಾರ್ ಗುರ್ತ ಹಿಡೀತಾರ್ರಿ?” ಎಂಬುದು ಅವರ ವಾದ. “ಐಬ್ ನೋಡೇ ಹಿಡಿಯೋದು.”

ಇವತ್ತು ಡಾಬಕಾದ ನರಸಿಂಗ ಬರುವ ದಿನ. ೨೦೦೩ರ ಬರದಲ್ಲಿ ಹೋದವರು, ಪುಣೆಯಲ್ಲಿ ಹದಿಮೂರು ವರ್ಷ ಕಾಂಕ್ರೀಟ್ ಲಾರಿ ಓಡಿಸಿದ್ದಾರೆ. ಈ ಸಲವೂ ಮಳೆಯಿಲ್ಲ. ಅವರೂರಿನ ಗುಡ್ಡದ ಮೇಲಿನ ತಾಂಡಾಕ್ಕೆ ನೀರಿನ ಟ್ಯಾಂಕರ್ ಹತ್ತುವುದಿಲ್ಲ, ನಾಲ್ಕೂ ಗಾಲಿ ಎಳೆಯುವ ಜೀಪು ಹತ್ತುತ್ತದೆ. ನೀರು ಸಾಗಿಸುವ ಕೆಲಸ ಅವರಿಗೆ ಸಿಕ್ಕಿದೆ. ತಮ್ಮ ಜೀಪು ಸಿಕ್ಕರೆ ಊರು, ಇಲ್ಲದಿದ್ದರೆ ಸಂಜೆ ಮತ್ತೆ ಪುಣೆ.

ನರಸಿಂಗ ಬರುತ್ತಾರೆ. ಚಪ್ಪಲಿ ಬಿಟ್ಟು ಜೀಪಿನ ಸುತ್ತ ತಿರುಗುತ್ತಾರೆ.

“ಇದು ನಂದಲ್ಲ ಚಾಚಾ.”

“ನಿಂದೇ. ಡ್ರೈವರ್ ಸೀಟ್ ಮ್ಯಾಲ ಕೈ ಇಡು. ಎಡಗಡಿ ಸ್ಪ್ರಿಂಗ್ ಹ್ಯಾಂಗ ಚುಚ್ಚತಿತ್ತೋ ಹಂಗೇ ಬಿಟ್ಟೀನಿ.”

ನರಸಿಂಗ ಒತ್ತುತ್ತಾರೆ. ಬೆಣ್ಣೆಯಂತಿದೆ. “ಯಾವ ಸ್ಪ್ರಿಂಗ್?”

ಮಿಸ್ತ್ರಿ ತಾವೂ ಒತ್ತಿ ನೋಡಿ, ನಿಧಾನಕ್ಕೆ ಬಾಗಿಲಲ್ಲಿ ನಿಂತ ಹೆಂಡತಿಯತ್ತ ತಿರುಗುತ್ತಾರೆ.

“ಪುಣೇದಿಂದ ಮನೀಗಿ ಪಾವಣ್ಯಾ ಬರ್ತಾನಂದ್ರ ಮುಳ್ಳಿನ ಮ್ಯಾಲ ಕುಂದರಸಬೇಕೇನು?” ಎನ್ನುತ್ತಾರೆ ಕುಲಸುಮಬೀ. “ನಿನ್ನೆ ತೆಗದು ಹೊಲದೀನಿ.”

“ಹದಿಮೂರ್ ವರ್ಷ ಜ್ವಾಕಿ ಮಾಡಿದ ಐಬ್ ಅದು.”

“ಅಷ್ಟ್ ಜೀವ ಇದ್ರ ನೀವೇ ಕುಂಡ್ರಬೇಕಿತ್ತರಿ ಅದರ ಮ್ಯಾಲ.”

ನರಸಿಂಗ ಚೀಲ ಎತ್ತಿಕೊಳ್ಳುತ್ತಾರೆ. “ಮಂದಿ ಗಾಡಿ ನಾ ಒಯ್ಯಂಗಿಲ್ಲ ಚಾಚಾ. ನಾಳಿ ಅದರ ಮಾಲಕ ಬಂದ್ರ ಏನ್ ಹೇಳ್ತೀರಿ?”

“ಒಯ್ಯಬ್ಯಾಡ. ಸ್ಟೇಷನ್ ತನಕ ಹೊಡಿ, ಅಲ್ಲೇ ಇಳದು ರೈಲ್ ಹತ್ತು.”

ಮಿಸ್ತ್ರಿ ಮುಂದೆ, ಕುಲಸುಮಬೀ ಹಿಂದೆ ಹತ್ತುತ್ತಾರೆ. ನರಸಿಂಗ ಕ್ಲಚ್ಚು ಒತ್ತಿ ಗೇರು ಹಾಕುತ್ತಾರೆ. ರಸ್ತೆಯ ಗುಂಡಿಗಳಲ್ಲಿ ಜೀಪು ಕುಣಿಯುತ್ತದೆ. ಅರ್ಧ ದಾರಿ ಹೋಗಿರಬೇಕು, ಹಿಂದಿನಿಂದ ದನಿ ಬರುತ್ತದೆ.

“ಯಾಕಪಾ ನರಸಿಂಗ, ಹಂಗ್ಯಾಕ ವಾರಿ ಕುಂತಿ? ಮೆತ್ತಗಿಲ್ಲೇನು ನನ್ನ ಸೀಟು?”

ನರಸಿಂಗ ಬಗ್ಗಿ ನೋಡಿಕೊಳ್ಳುತ್ತಾರೆ. ಅವರ ಎಡ ತೊಡೆ ಸೀಟಿಗೆ ತಾಗಿಯೇ ಇಲ್ಲ. ಕೈಗೆ ಆ ಗೇರು ಸಿಕ್ಕೊಡನೆ ಮೈ ತಾನಾಗಿ ಬಲಕ್ಕೆ ವಾಲಿದೆ, ಇಲ್ಲದ ಸ್ಪ್ರಿಂಗಿಗೆ ಹೆದರಿ.

“ಲಾರ್ಯಾಗ ನೆಟ್ಟಗ ಕುಂಡ್ರತಿದ್ದೆ ಚಾಚಿ,” ಎನ್ನುತ್ತಾರೆ, ಬಹಳ ಮೆಲ್ಲಗೆ. ಜೀಪು ನಿಲ್ಲಿಸುತ್ತಾರೆ. ಸ್ವಲ್ಪ ಸ್ವಲ್ಪವೇ ಭಾರ ಬಿಟ್ಟು, ಪೂರ್ತಿ ಕೂರುತ್ತಾರೆ. ಯಾವುದೂ ಚುಚ್ಚುವುದಿಲ್ಲ. ಕಣ್ಣು ಮಾತ್ರ ಒದ್ದೆಯಾಗಿವೆ. ಜೀಪನ್ನು ತಿರುಗಿಸಿ ಇಬ್ಬರನ್ನೂ ಶೆಡ್ಡಿಗೆ ಬಿಟ್ಟು, ಔರಾದ್ ಕಡೆಯ ತಮ್ಮೂರ ದಾರಿ ಹಿಡಿಯುತ್ತಾರೆ. ಹಿಂದೆದ್ದ ಧೂಳು ಇಳಿಯಲು ಒಂದು ವಾರ ಬೇಕು.

ಮಿಸ್ತ್ರಿ ಖಾಲಿಯಾದ ಜಾಗವನ್ನು ಕಸಬರಿಗೆಯಿಂದ ಗುಡಿಸುತ್ತಾರೆ, ಆ ಕಡೆಯಿಂದ ನೋಡುತ್ತಾರೆ, ಈ ಕಡೆಯಿಂದ ನೋಡುತ್ತಾರೆ.

“ಎಲ್ಲಾ ಹೋಗಬೇಕ್ರಿ ಹಿಂಗ, ಒಂದೊಂದೇ,” ಎನ್ನುತ್ತಾರೆ. “ಪೂರಾ ಖಾಲಿ ಆದ ಮ್ಯಾಲ ಬರ್ರಿ ನೋಡಾಕ. ಭಾರಿ ಚಂದ ಕಾಣ್ತದ ಆಗ.”