ರೇಷ್ಮೆ ಹುಳು, ಹೊಗೆಸೊಪ್ಪು ಮತ್ತು ನಮ್ಮ ಮಾವ

ಮದುವೆಯಾಗಿ ವರ್ಷ ತುಂಬುವ ಮೊದಲೇ ನಮ್ಮ ಮಾವನವರನ್ನು ಅವರದೇ ಮನೆಯ ಬಾಗಿಲಲ್ಲಿ ತಡೆದು ನಿಲ್ಲಿಸಿದೆ.

"ಮಾವ, ಒಗೆಸೊಪ್ಪು ಆಕಂಡಿದ್ದೀರಿ. ಕೈ ಬಾಯಿ ತೊಳ್ಕಂಡು ಒಳಿಕ್ ಬನ್ನಿ," ಅಂದೆ. ಬಾಗಿಲು ಬಿಡಲಿಲ್ಲ.

ಎಂಬತ್ತರ ಆಸುಪಾಸಿನ ಮಾತು. ತಾಳವಾಡಿ ಪಕ್ಕದ ದೊಡ್ಡಗಾಜನೂರು. ಒಳಗೆ ನಡುಮನೆಯಲ್ಲಿ ಆರು ಬಿದಿರು ತಟ್ಟೆಯ ತುಂಬ ನನ್ನ ರೇಷ್ಮೆ ಹುಳುಗಳು. ಹೊಗೆಸೊಪ್ಪು ಸೋಕಿದರೆ ಅವು ಉಳಿಯುವುದಿಲ್ಲ.

ನನ್ನ ತವರು ಕೊಳ್ಳೇಗಾಲದ ಕಡೆ, ಹುಳು ಸಾಕುತ್ತಲೇ ಬೆಳೆದವಳು. ಗಂಡನ ಮನೆಯವರಿಗೆ ರಾಗಿ, ಅವರೆ ಬಿಟ್ಟರೆ ಬೇರೆ ಬೆಳೆ ಗೊತ್ತಿಲ್ಲ.

ಕಳಿಸಿಕೊಡುವಾಗ ಅವ್ವ ಹೇಳಿದ್ದು ಒಂದೇ ಮಾತು. "ಒಂದ್ಕಂಡು ಓಗು ಕಣವ್ವ."

ಹೊಂದಿಕೊಂಡೆ. ಊರು ತಮಿಳು ಸೀಮೆಗೆ ಸೇರಿದ್ದು, ರೇಷನ್ ಅಂಗಡಿಯಿಂದ ಆಫೀಸ್ ತನಕ ಎಲ್ಲ ತಮಿಳು, ಅದನ್ನೂ ತಪ್ಪುತಪ್ಪಾಗಿ ಕಲಿತೆ. ಹುಳು ಸಾಕುವುದನ್ನು ಮಾತ್ರ ಬಿಡಲಾಗಲಿಲ್ಲ. ನಾನು ಚೆನ್ನಾಗಿ ಬಲ್ಲ ಕೆಲಸ ಅದೊಂದೇ...

ಗಂಡನ ತಲೆ ತಿಂದು, ಬಾವಿ ಮಗ್ಗುಲಿನ ತುಂಡು ಹೊಲಕ್ಕೆ ಹಿಪ್ಪುನೇರಳೆ ಹಾಕಿಸಿದೆ. ಅತ್ತೆ ಒಂದು ಕಂಡೀಷನ್ ಹಾಕಿದರು.

"ಒಂದ್ ಬೆಳೆ ನೋಡ್ತೀನಿ. ಕೆಟ್ಟೋದ್ರೆ ಗಿಡ ಕೀಳ್ಸಿ ರಾಗಿ ಬಿತ್ತುಸ್ತೀನಿ. ಆಮೇಕೆ ಉಳ ಅನ್ನೋ ಮಾತ್ ಎತ್ಬಾರ್ದು."

ಸರಿ, ಶುರುವಾಯ್ತು. ಮೆಣಸಿನಕಾಯಿ ಘಾಟು ಹುಳುವಿಗೆ ಆಗದು ಅಂತ ಒಗ್ಗರಣೆ ಬಂದ್ ಮಾಡಿದೆ. ಗಂಡ ದಿನಾ ಸಾರು ನೋಡಿ ಮುಖ ಸಿಂಡರಿಸುತ್ತಿದ್ದ.

ಬಾಗಿಲಲ್ಲಿ ತಡೆದ ದಿನ ಮಾವನವರು ಎಲೆಅಡಿಕೆ ಚೀಲ ಎತ್ತಿಕೊಂಡು ಹುಣಸೆಮರದ ಕೆಳಗೆ ಹೋಗಿ ಕೂತರು. ಅತ್ತೆ ಬೈದರೆ ತಡೆದುಕೊಳ್ಳುತ್ತಿದ್ದೆ, ಇವರು ಹಾಗೆ ಎದ್ದು ಹೋದದ್ದಕ್ಕೇ ನನಗೆ ಭಯ.

ಹುಳು ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವತ್ತು ಗಂಡ ಸಂತೆಗೆ ಹೋಗಿದ್ದ. ನಾನು ತಟ್ಟೆ ಕ್ಲೀನ್ ಮಾಡುತ್ತಿದ್ದೆ.

ಯಾರೂ ಹೇಳದೆ ಮಾವನವರೇ ಹೋಗಿ ಒಂದು ಗಂಟು ಸೊಪ್ಪು ಕೊಯ್ದು ತಂದು ಬಾಗಿಲಲ್ಲಿಟ್ಟರು. ಕೈ ತೊಳೆದುಕೊಂಡೇ ಕೊಯ್ದಿದ್ದರು, ಪಾಪ. ಆ ಖುಷಿಯಲ್ಲಿ ಹಿಂದೆ ಮುಂದೆ ನೋಡದೆ ಎರಡು ತಟ್ಟೆಗೆ ಹಾಕಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಹುಳುಗಳು ತಲೆ ಎತ್ತಿ ಒದ್ದಾಡುತ್ತಿವೆ. ಬಾಯಿಂದ ಹಸಿರು ನೀರು...

ಸೊಪ್ಪು ಕಟ್ಟಿ ತಂದ ಟವಲ್ ಮೂಸಿದೆ. ವರ್ಷಗಟ್ಟಲೆ ಹೊಗೆಸೊಪ್ಪು ಕಟ್ಟಿಕೊಳ್ಳುತ್ತಿದ್ದ ಟವಲ್ ಅದು.

ಎರಡು ತಟ್ಟೆ ಹುಳುವನ್ನೂ ಹಿತ್ತಿಲಲ್ಲಿ ಗುಂಡಿ ತೋಡಿ ಮುಚ್ಚಿದೆ. ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಮಾವನವರ ಮೇಲೂ, ಮೂಸಿ ನೋಡದ ನನ್ನ ಮೇಲೂ.

"ಆಯ್ತಲ್ಲ, ನಾಳಿಕೆ ಗಿಡ ಕೀಳ್ಸ್ತೀನಿ," ಅಂದರು ಅತ್ತೆ.

"ಇನ್ನೂ ನಾಕ್ ತಟ್ಟೆ ಬದುಕವೆ ಅತ್ತೆ. ಅವು ಗೂಡು ಕಟ್ಟೋಗಂಟ ಯಾರೂ ಗಿಡ ಮುಟ್ಬೇಡಿ," ಅಂದೆ. ಅಷ್ಟು ಜೋರಾಗಿ ಆ ಮನೆಯಲ್ಲಿ ನಾನು ಅದುವರೆಗೆ ಮಾತಾಡಿರಲಿಲ್ಲ. ಮಾವನವರು ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಾನು ಟವಲ್ ಮೂಸಿದ್ದನ್ನೂ ನೋಡಿದ್ದರು.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಅವರು ಎದುರಿಗೇ ನಿಂತಿದ್ದಾರೆ. ಸ್ನಾನ ಮಾಡಿದ್ದಾರೆ, ಒಗೆದ ಪಂಚೆ ಉಟ್ಟಿದ್ದಾರೆ, ಹೆಗಲ ಮೇಲೆ ಟವಲ್ ಇಲ್ಲ.

"ಯಾನ್ ಮಾಡುದ್ರೆ ಉಳ ಕೆಡಕಿಲ್ಲ, ಅದ ನಂಗೂ ತೋರ್ಸು ಕೂಸು."

ಅರವತ್ತು ದಾಟಿದವರು. ಊರಿನ ನ್ಯಾಯಕ್ಕೆ ಜನ ಕರೆಯುತ್ತಿದ್ದ ಮನುಷ್ಯ. ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯ್ತು.

ಸೊಪ್ಪು ಯಾವಾಗ ಕೊಯ್ಯಬೇಕು, ಬಾಡದ ಹಾಗೆ ಒದ್ದೆ ಗೋಣಿಯಲ್ಲಿ ಹೇಗೆ ಮುಚ್ಚಿಡಬೇಕು, ಎಲ್ಲ ತೋರಿಸಿಕೊಟ್ಟೆ. ಹುಳು ಗೂಡು ಕಟ್ಟುವ ತನಕ ಅವರು ಹೊಗೆಸೊಪ್ಪು ಮುಟ್ಟಲಿಲ್ಲ. ಬರೀ ಎಲೆ, ಅಡಿಕೆ, ಸುಣ್ಣ ಅಗಿಯುತ್ತಾ ಮುಖ ಹುಳ್ಳಗೆ ಮಾಡಿಕೊಂಡು ಕೂರುತ್ತಿದ್ದರು.

ನಾಲ್ಕು ತಟ್ಟೆಯ ಹುಳುಗಳೂ ಗೂಡು ಕಟ್ಟಿದವು. ಅತ್ತೆ ಒಂದು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಹೊಗಳಲಿಲ್ಲ.

"ಮುಂದಿನ್ ಬೆಳೆಗೆ ಮೊಟ್ಟೆ ಯಾವಾಗ್ ತರ್ಬೇಕು?" ಅಂತಷ್ಟೇ ಕೇಳಿದರು.

ಮೊನ್ನೆ ಮೊಮ್ಮಗಳು ಪಾಠ ಓದುತ್ತಾ, ಅಡಾಪ್ಟಬಿಲಿಟಿ ಅಂದ್ರೆ ಹೊಂದಿಕೊಳ್ಳೋದಾ ಅಜ್ಜಿ ಅಂತ ಕೇಳಿದಳು. ಹೌದು ಅಂದೆ. ಆ ಮಾತನ್ನು ಎಲ್ಲರೂ ಸೊಸೆಯರಿಗೇ ಹೇಳುತ್ತಾರೆ, ನಾನು ಮಾತ್ರ ಅದನ್ನು ಸರಿಯಾಗಿ ನೋಡಿದ್ದು ಮಾವನವರಲ್ಲಿ.

ಮನೆಗೆ ಬಂದ ಸೊಸೆಗೋಸ್ಕರ ತಾವೇ ಬದಲಾದ ಹಿರಿಯರು ನಿಮ್ಮಲ್ಲೂ ಇದ್ದರಾ?